ಅಮೆರಿಕದ ಸಿನಿಮಾದಲ್ಲಿ ಅಪ್ಪ ಆಡಿದ ಸ್ವೀಡಿಷ್ ಮಾತು

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನನಗೆ ಸ್ವೀಡಿಷ್ ಕಲಿಸಿದ್ದು ತರಗತಿಗಿಂತ ಹೆಚ್ಚಾಗಿ ಕೆಳಗಿನ ಮನೆಯ ಅಜ್ಜಿ. ನನ್ನ ಗಂಡ ವಿಮಾನದ ಎಂಜಿನ್ ಕಾರ್ಖಾನೆಗೆ ಸೇರಿದ್ದ. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಬಹಳ ಚುರುಕು. ಮಧ್ಯಾಹ್ನ ಕಾಫಿಗೆ ಕರೆಯುತ್ತಿದ್ದರು. ಆ ಭಾಷೆಯಲ್ಲಿ ಎಲ್ಲರಿಗೂ ಏಕವಚನವೇ. ಅಷ್ಟು ವಯಸ್ಸಾದವರನ್ನು ‘ನೀನು’ ಎನ್ನಲು ನನಗೆ ವಾರಗಟ್ಟಲೆ ನಾಲಿಗೆ ಏಳಲಿಲ್ಲ.

ಒಂದು ದಿನ ಅವರು ಕಪಾಟಿನಿಂದ ಹಳೆಯ ಕಪ್ಪು ಬಿಳುಪು ಸಿನಿಮಾಗಳ ಡಿವಿಡಿ ತೆಗೆಸಿದರು. ಅವುಗಳಲ್ಲೆಲ್ಲ ಅವರ ಅಪ್ಪ ಇದ್ದಾರಂತೆ. ಪರದೆಯ ಮೇಲೆ ಏನು ಕಾಣುತ್ತದೋ ಅದನ್ನು ನಾನು ಸ್ವೀಡಿಷ್‌ನಲ್ಲಿ ಹೇಳಬೇಕು, ಅಷ್ಟೇ ಕೆಲಸ.

ಹೆಂಡತಿ ತೀರಿಹೋದ ಮೇಲೆ ಎಳೆಯ ಮಗಳನ್ನು, ಅಂದರೆ ಈ ಅಜ್ಜಿಯನ್ನು, ತನ್ನ ತಾಯಿಯ ಹತ್ತಿರ ಬಿಟ್ಟು ಆತ ಹಡಗಿನ ಅಡುಗೆಯವನಾಗಿ ಹೊರಟಿದ್ದರು. ಕ್ಯಾಲಿಫೋರ್ನಿಯದ ಬಂದರಿನಲ್ಲಿ ಇಳಿದಾಗ, ಗುಂಪಿನ ದೃಶ್ಯಕ್ಕೆ ಜನ ಹುಡುಕುತ್ತಿದ್ದ ಒಂದು ಸ್ಟುಡಿಯೊ ಕರೆದುಕೊಂಡು ಹೋಯಿತು. ಮುಂದೆ ಅದೇ ಸ್ಟುಡಿಯೊ ಹೆಸರು ಬದಲಿಸಿ ಕರಾರು ಬರೆಸಿಕೊಂಡಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಊರಿನ ದಾರಿ ಮುಚ್ಚಿತು. ಯುದ್ಧದ ಸಿನಿಮಾಗಳಿಗೆ ಪರದೇಶಿ ಮುಖಗಳು ಬೇಕಿದ್ದವು. ಆತ ಒಮ್ಮೆ ಜರ್ಮನ್ ಕಾವಲುಗಾರ, ಒಮ್ಮೆ ಡಚ್ ವ್ಯಾಪಾರಿ. ಬಹುತೇಕ ಅರ್ಧಕ್ಕೆ ಮೊದಲೇ ಸಾಯುವ ಪಾತ್ರ. ನಾಯಕನಾಗುವ ಯೋಗ ಬರಲೇ ಇಲ್ಲ. ಟಿವಿ ಬಂದು ಸ್ಟುಡಿಯೊಗಳು ನಟರನ್ನು ಕೈಬಿಟ್ಟಾಗ ಆತ ಮರಳಿ ಬಂದರು. ಆಗ ಮಗಳು ಹೈಸ್ಕೂಲಿನಲ್ಲಿದ್ದಳು. ಅಪ್ಪ, ಮಗಳು ಒಬ್ಬರನ್ನೊಬ್ಬರು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಯಿತು. ಅಮೆರಿಕದಲ್ಲಿ ಮನೆಯ ನೆನಪಾಗುತ್ತಿತ್ತೇ ಎಂದು ಕೇಳಲು ಅಜ್ಜಿಗೆ ಕೊನೆಯವರೆಗೂ ಧೈರ್ಯ ಬರಲಿಲ್ಲವಂತೆ.

ಸ್ವೀಡನ್ನಿನಲ್ಲಿ ಬಿಡುಗಡೆಯಾಗದ ಒಂದು ಸಿನಿಮಾ ಮಾತ್ರ ಅಜ್ಜಿಗೆ ಸಿಕ್ಕಿರಲಿಲ್ಲ. ಗಂಡನಿಗೆ ಹೇಳಿದೆ. ಕೆಲವು ವಾರ ಇಂಟರ್ನೆಟ್ಟೆಲ್ಲ ಜಾಲಾಡಿ, “ಸಿಕ್ತು ಕಣೇ, ಕಾಪಿ ಏನೂ ಚೆನ್ನಾಗಿಲ್ಲ, ಆದ್ರೆ ಸೌಂಡ್ ಕ್ಲಿಯರ್ ಆಗಿದೆ,” ಅಂದ.

ಅದರಲ್ಲಿ ಅಜ್ಜಿಯ ಅಪ್ಪ ರಷ್ಯನ್ ಹಡಗಿನ ಅಡುಗೆಯವ. ನಾನು ಎಂದಿನಂತೆ ಹೇಳುತ್ತಾ ಹೋದೆ: ದೊಡ್ಡ ಪಾತ್ರೆ, ಕೈಯಲ್ಲಿ ಸೌಟು, ಹೊರಗೆ ಅಲೆ, ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಾನೆ. ಅಜ್ಜಿ ತಟ್ಟನೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ಹಿಂದಕ್ಕೆ ಹಾಕು ಎಂದರು. ಈ ಸಲ ನನಗೂ ಕೇಳಿಸಿತು. ಅದು ರಷ್ಯನ್ ಅಲ್ಲ, ಅಪ್ಪಟ ಸ್ವೀಡಿಷ್. ಸ್ಟುಡಿಯೊದವರು ಪರಭಾಷೆಯಲ್ಲಿ ಗೊಣಗು ಎಂದಷ್ಟೇ ಹೇಳಿರಬೇಕು, ಯಾವ ಭಾಷೆಯಾದರೂ ಕೇಳುವವರಾರು?

“ಇವತ್ತು ಗುರುವಾರ. ಎಲ್ಲ ಗುರುವಾರದ ಹಾಗೆ ಅಮ್ಮ ಬಟಾಣಿ ಸೂಪು ಮಾಡಿರ್ತಾಳೆ. ನನ್ನ ಮಗಳು ಕುಡಿದಳೋ, ಹಟ ಮಾಡ್ತಾ ಕೂತಳೋ.”

ಅಜ್ಜಿ ಅಳುತ್ತಾರೆಂದು ನಾನು ಹೆದರಿದೆ. ಅವರು ನಗತೊಡಗಿದರು. ಕುರ್ಚಿಯ ಕೈ ಹಿಡಿದುಕೊಂಡು, ಕೆಮ್ಮು ಬರುವಷ್ಟು ನಕ್ಕರು. “ಕುಡೀತಿರಲಿಲ್ಲ,” ಎಂದರು ಪರದೆಯತ್ತ ತಿರುಗಿ. “ಒಂದು ಗುರುವಾರವೂ ಕುಡೀಲಿಲ್ಲ, ಅಪ್ಪ.”

ಆ ದೃಶ್ಯವನ್ನು ಆ ಮಧ್ಯಾಹ್ನ ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವರಿಗೆ ಹೊಸದೇನೋ ಬೇಕಿತ್ತು: ಆಗ ಅಪ್ಪನ ಮುಖ ಹೇಗಿದೆ, ತೋಳು ಮಡಚಿದ್ದಾರೆಯೇ, ಪಾತ್ರೆಯಿಂದ ಹಬೆ ಬರುತ್ತಿದೆಯೇ. ಗೊತ್ತಿಲ್ಲದ ಪದ ಬಂದರೆ ನಾನು ಕೈಯಾಡಿಸಿ, ಸುತ್ತಿ ಬಳಸಿ ಹೇಳುತ್ತಿದ್ದೆ. ಅವರು ಸರಿಯಾದ ಪದ ಕೊಡುತ್ತಿದ್ದರು.

ವಸಂತದಲ್ಲಿ ಅಜ್ಜಿ ನನ್ನನ್ನು ಊರಿನ ಲೈಬ್ರರಿಗೆ ಕರೆದೊಯ್ದು, ಕಣ್ಣು ಕಾಣದವರಿಗೆ ಈಕೆ ಸಿನಿಮಾ ಹೇಳಬಲ್ಲಳು ಎಂದುಬಿಟ್ಟರು. ನನ್ನ ಉಚ್ಚಾರ ಸರಿಯಿಲ್ಲ ಎಂದು ನಾನು ಹಿಂಜರಿದೆ. ಅಲ್ಲಿನವರು ಒಮ್ಮೆ ಮಾಡಿ ನೋಡೋಣ ಎಂದರು. ಮೊದಲ ಶನಿವಾರ ಬಂದವರು ಬೆರಳೆಣಿಕೆಯಷ್ಟು ಜನ. ಮೈಕ್ ಹಿಡಿದು ಮೊದಲ ದೃಶ್ಯದಿಂದಲೇ ಹೇಳತೊಡಗಿದೆ. ಸಿನಿಮಾ ಮುಗಿದ ಮೇಲೆ ವೃದ್ಧರೊಬ್ಬರು ಕೋಲೂರಿಕೊಂಡು ಹತ್ತಿರ ಬಂದು, ಮುಂದಿನ ಸಲ ಕುದುರೆಗಳಿರುವ ಸಿನಿಮಾ ಹಾಕಿ ಎಂದು ಕೇಳಿದರು. ಮನೆಗೆ ನಡೆಯುತ್ತಾ ನಾನು ಅಜ್ಜಿಯಿಂದ ಜೀನು, ಲಗಾಮು, ಗೊರಸಿಗೆಲ್ಲ ಸ್ವೀಡಿಷ್‌ನಲ್ಲಿ ಏನೆನ್ನುತ್ತಾರೆಂದು ಕೇಳಿ ತಿಳಿದುಕೊಂಡೆ.