ದಸ್ತಗೀರಸಾಬ್ ಸ್ಕ್ರೂ ಬಡಿಯಲು ಹೋದದ್ದು

ಸ್ಕ್ರೂ ಕೊಳ್ಳಲು ದಸ್ತಗೀರಸಾಬ್ ಬಂದ ಎಂದರೆ ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿಯವರು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆ ಒಡೆಸಿ, ಒಂದು ಹಿಡಿ ಸ್ಕ್ರೂ ಅಂಗೈಗೆ ಸುರಿದುಕೊಳ್ಳುವನು. ಮೊದಲು ತಲೆ ನೋಡುವುದು, ಸೀಳು ನಟ್ಟನಡುವೆ ಇದೆಯೋ ಒಂದು ಕಡೆಗೆ ವಾಲಿದೆಯೋ ಎಂದು. ಆಮೇಲೆ ಹೆಬ್ಬೆರಳ ಉಗುರನ್ನು ಅದರ ಸುತ್ತುಗಳ ಮೇಲೆ ಎಳೆಯುವುದು. ಉಗುರಿಗೆ ಕಚ್ಚಿದರೆ ಸರಿ, ಜಾರಿದರೆ ಪೆಟ್ಟಿಗೆ ವಾಪಸ್ಸು. ಸ್ಕ್ರೂಡ್ರೈವರ್ ಕೊಳ್ಳುವಾಗಲೂ ಅದೇ ಕಾಟ. ತುದಿಯನ್ನು ಸ್ಕ್ರೂ ಸೀಳಿನಲ್ಲಿಟ್ಟು ಅಲ್ಲಾಡಿಸುವನು. ಕೂದಲಷ್ಟು ಆಡಿದರೂ ಆ ಡ್ರೈವರ್ ಅವನಿಗೆ ಬೇಡ.

ಒಮ್ಮೆ ಹೊಸ ಅಂಗಡಿಯವನೊಬ್ಬ ನಕ್ಕ.

"ಏನ್ ಸಾಬ್ರೇ, ಸ್ಕ್ರೂ ಕೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?"

ದಸ್ತಗೀರಸಾಬ್ ಹಿಡಿಯಲ್ಲಿದ್ದುದನ್ನೆಲ್ಲ ಅವನ ಮುಖಕ್ಕೆ ಎರಚಿದ. ಹುಬ್ಬು ಒಡೆದು ರಕ್ತ ಬಂತು. ಆಮೇಲೆ ತಾನೇ ಕುಕ್ಕರಗಾಲಲ್ಲಿ ಕೂತು ಬಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ, "ಮಾಲು ಚಲೋ ಐತಿ. ತೂಕ ಮಾಡು" ಎಂದ.

ಅಂಥ ಮನುಷ್ಯ. ನಾನು ಕುರುಗೋಡಿನವನು, ಕಲ್ಲು ಒಡೆಯುವುದು ಬಿಟ್ಟು ಅವನ ಕೈಕೆಳಗೆ ಬಡಗಿ ಕೆಲಸಕ್ಕೆ ಸೇರಿದವನು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಅವನ ಮುಂದೆ ನಾನು ಕುರಿಮರಿ. ನಮ್ಮ ಗುಂಪಿನಲ್ಲಿ ಅವನ ಡ್ರೈವರ್ ಹಿಡಿಕೆಯ ಪೆಟ್ಟು ತಿನ್ನದ ತಲೆ ಇರಲಿಲ್ಲ. ಪೆಟ್ಟು ಬೀಳುತ್ತಿದ್ದುದು ಒಂದೇ ಕಾರಣಕ್ಕೆ, ಸ್ಕ್ರೂವನ್ನು ಸುತ್ತಿಗೆಯಿಂದ ಬಡಿದದ್ದಕ್ಕೆ.

ಊರಿನಲ್ಲಿ ಎಲ್ಲರೂ ಬಡಿಯುತ್ತಿದ್ದರು, ಸುಳ್ಳೇಕೆ. ಮುಕ್ಕಾಲು ಭಾಗ ಮೊಳೆಯ ಹಾಗೆ ಬಡಿದು ಇಳಿಸುವುದು, ಕೊನೆಯ ಎರಡು ಸುತ್ತು ಡ್ರೈವರ್‌ನಿಂದ ತಿರುವುವುದು. ಮೇಲೆ ನೋಡಿದರೆ ದೇವರಿಗೂ ಗೊತ್ತಾಗದು. ಒಳಗೆ ಕಟ್ಟಿಗೆಯ ನಾರು ಹರಿದಿರುತ್ತದೆ, ಸ್ಕ್ರೂ ಸುಮ್ಮನೆ ನಿಂತಿರುತ್ತದೆ ಅಷ್ಟೇ. ದಸ್ತಗೀರಸಾಬ್ ಮೊದಲು ಸಣ್ಣ ತೂತು ಕೊರೆದು, ಸ್ಕ್ರೂಗೆ ಸೋಪು ಸವರಿ, ಕೈಯಿಂದಲೇ ತಿರುವುತ್ತಿದ್ದ. ಸ್ಕ್ರೂ ತಿರುವುವ ಮಷಿನ್ ಬಂದ ಮೇಲೂ ಕೈಯಿಂದಲೇ.

ಗುಡ್ಡದ ಕಬ್ಬಿಣದ ಕೆಂಪು ಮಣ್ಣು ಚೀನಾಕ್ಕೆ ಹೋಗತೊಡಗಿದ ಕಾಲ ಅದು. ಊರಿನಲ್ಲಿ ತಾಳ್ಮೆಯೇ ಸತ್ತುಹೋಗಿತ್ತು. ನಾಲ್ಕು ಲಾರಿ ಇಟ್ಟವನಿಗೂ ಬಂಗಲೆ ಬೇಕು, ಬಂಗಲೆಗೆ ಸಾಗವಾನಿ ಬಾಗಿಲು ಬೇಕು, ಅದೂ ನಾಳೆಯೇ ಬೇಕು. ಪಾರ್ವತಿನಗರದಲ್ಲಿ ಅಂಥದೇ ಒಂದು ಮನೆಗೆ ಜೋಡಿ ಕದದ ಬಾಗಿಲು ಒಪ್ಪಿಕೊಂಡಿದ್ದೆವು. ಒಂದು ಕದ ಎತ್ತಲು ನಾಲ್ಕು ಜನ ಬೇಕು. ಗೃಹಪ್ರವೇಶ ಹತ್ತಿರ ಬಂದಿತ್ತು. ನಾನೂ ದಸ್ತಗೀರಸಾಬನೂ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿದ್ದರಿಂದ ಚೌಕಟ್ಟಿಗೆ ಕದದ ಕೀಲು ಕೂರಿಸುವುದನ್ನು ಅವನು ಅಳಿಯ ಮುಬಶೀರನಿಗೆ ಬಿಟ್ಟ. ಮುಬಶೀರ್ ಸಿರುಗುಪ್ಪದ ಹುಡುಗ, ನಮ್ಮ ಗುಂಪಿನಲ್ಲೇ ದುಡಿಯುತ್ತಿದ್ದ. ದಸ್ತಗೀರಸಾಬನ ಒಬ್ಬಳೇ ಮಗಳು ಶಮಾಳ ಗಂಡ.

"ದಪ್ಪ ಮೈಯಿನ ಕಟ್ಟಿಗಿ ಸ್ಕ್ರೂ ತಗೊಂಬಾರಪ್ಪ" ಎಂದು ದಸ್ತಗೀರಸಾಬ್ ಅವನಿಗೆ ಹೇಳಿದ್ದ. "ಕರೇವು ಮುಟ್ಟಬ್ಯಾಡ. ಅವು ಸೀಲಿಂಗ್ ಹಲಗಿಗೆ ಹಾಕೋವು, ಭಾರ ತಡಿಯಂಗಿಲ್ಲ."

ಮುಬಶೀರ್ ತಂದದ್ದು ಕರಿಯವನ್ನೇ. ದಪ್ಪನೆಯವು ಸಂಜೆಗೆ ಬರುತ್ತವೆ ಎಂದು ಅಂಗಡಿಯವನು ಹೇಳಿದ್ದನಂತೆ, ಇವನಿಗೆ ಅಲ್ಲಿಯವರೆಗೆ ಕಾಯುವುದಾಗಲಿಲ್ಲ. ತೂತು ಕೊರೆಯದೆ ಮಷಿನ್ ಹಚ್ಚಿದ. ತುದಿ ಜಾರಿ ಸ್ಕ್ರೂಗಳ ತಲೆ ಸವೆದವು. ಉಳಿದವನ್ನು ಸುತ್ತಿಗೆಯಿಂದ ಬಡಿದು ಮುಗಿಸಿದ.

ಮರುದಿನ ಕೊಳಗಲ್ಲಿನ ವೆಂಕಣ್ಣ, ನಮ್ಮ ಪಾಲಿಶ್ ಕೆಲಸದವನು, ಕದದ ಕೆಳ ಅಂಚು ಉಜ್ಜುತ್ತ ಕೂತಿದ್ದ. ಮೇಲಿನ ಕೀಲು ಕಿತ್ತುಬಂತು. ಕದ ತಿರುಚಿಕೊಂಡು ಇಳಿದು ಅವನ ಬಲಗೈಯನ್ನು ಗ್ರಾನೈಟ್ ಹೊಸ್ತಿಲಿಗೆ ಅರೆಯಿತು. ಆಗಷ್ಟೇ ಅಲ್ಲಿಗೆ ಬಂದಿದ್ದ ನಾನೂ ದಸ್ತಗೀರಸಾಬನೂ ಕೂಗು ಕೇಳಿ ಗೇಟಿನಿಂದ ಓಡಿ ಬಂದು ಉಳಿದವರೊಡನೆ ಕದ ಎತ್ತಿದಾಗ ಎರಡು ಬೆರಳು ಬೆರಳಾಗಿ ಉಳಿದಿರಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಅವನ್ನು ಕತ್ತರಿಸಿ ತೆಗೆದರು.

ವೆಂಕಣ್ಣನನ್ನು ಆಟೋಕ್ಕೆ ಹಾಕಿ ಕಳಿಸಿದ ಮೇಲೆ ದಸ್ತಗೀರಸಾಬ್ ಚೌಕಟ್ಟಿನ ಹತ್ತಿರ ಹೋದ. ಒಂದು ಕರಿ ಸ್ಕ್ರೂವನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಮುಳ್ಳು ಬಂದ ಹಾಗೆ ಬಂತು.

"ಇದೇನಿದು?"

"ಚೌಕಟ್ಟು ಹಸೀದಿತ್ತು ಮಾಮು" ಎಂದ ಮುಬಶೀರ್. "ನೀವು ಮಾಡಿದ ಚೌಕಟ್ಟು. ನನ್ನ ಸ್ಕ್ರೂ ಸರಿ ಅದಾವ."

ಸ್ಕ್ರೂ ಬಡಿದದ್ದಕ್ಕಾದರೆ ದಸ್ತಗೀರಸಾಬ್ ಒಂದು ಪೆಟ್ಟಿನಲ್ಲಿ ಬಿಡುತ್ತಿದ್ದನೇನೋ. ಈ ಮಾತಿಗೆ ಬಿಡಲಿಲ್ಲ. ಡ್ರೈವರ್ ಹಿಡಿಕೆಯಿಂದ ಬಾಯಿಗೆ ಹೊಡೆದ. ಹಲ್ಲೊಂದು ಟೈಲ್ಸ್ ಮೇಲೆ ಉರುಳಿತು. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಹೊಡೆದ. "ಮೇಸ್ತ್ರಿ, ಸಾಯ್ತಾನ, ಬಿಡ್ರಿ!" ಎಂದು ನಾನು ಹಿಂದಿನಿಂದ ತಬ್ಬಿ ಎಳೆದೆ. ನನಗೂ ಮೊಣಕೈ ಏಟು ಬಿತ್ತು.

ಅಳಿಯನಿಗೆ 'ಲೇ' ಅನ್ನದ ಜನ ಅವರು. ಮಾವನೇ ಕೂಲಿಕಾರರ ಮುಂದೆ ಅಳಿಯನ ರಕ್ತ ಹರಿಸಿದ್ದ. ಅಂದೇ ಮುಬಶೀರ್ ಶಮಾಳನ್ನು ಕಂಟೋನ್ಮೆಂಟಿನ ತವರಿನ ಬಾಗಿಲಲ್ಲಿ ಇಳಿಸಿ ಸಿರುಗುಪ್ಪಕ್ಕೆ ಹೋದ. ಕೆಲವು ದಿನ ಬಿಟ್ಟು ಅವನ ಅಣ್ಣ ಆಸಿಂ ಆ ಮನೆಗೆ ಬಂದ, ನಾನೂ ಅಲ್ಲಿದ್ದೆ. ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ.

"ಅವತ್ತು ನೋಡಿದೋರ್ನೆಲ್ಲ ಕರಕೊಂಡು ಸಿರುಗುಪ್ಪಕ್ಕ ಬರ್ರಿ" ಎಂದ. "ಅವರ ಮುಂದ ನೀವs ಒಂದು ಸ್ಕ್ರೂ ಸುತ್ತಿಗಿಲೆ ಬಡೀರಿ. 'ಬಡದ್ರೂ ನಡೀತೈತಿ, ತಪ್ಪು ನನ್ನ ಚೌಕಟ್ಟಿಂದು' ಅನ್ರಿ. ಆಗ ನನ್ನ ತಮ್ಮ ಕರಕೋತಾನ. ಇಲ್ಲಾಂದ್ರ ಮಗಳನ್ನ ನೀವs ಇಟ್ಕೊಳ್ರಿ."

ನಾನು ಎದ್ದೆ. "ನಿನ್ನ ತಮ್ಮಗ ಇನ್ನೂ ಹಲ್ಲು ಉಳದಾವೇನಲೇ?"

"ಕೂಡ್ರಲೇ ಎರ್ರಿಸ್ವಾಮಿ" ಎಂದ ದಸ್ತಗೀರಸಾಬ್. "ಮಗಳು ನಂದು, ನಿಂದಲ್ಲ."

ಅವನ ಹೆಂಡತಿ ಕುಬ್ರಾಬಿ ಅಳುತ್ತಿದ್ದಳು. ಶಮಾ ಅಳಲಿಲ್ಲ, ಗೋಡೆ ನೋಡುತ್ತಿದ್ದಳು. ಆ ಮಾತು ಬಾಯಿಂದ ಬಂದರೆ ವೆಂಕಣ್ಣನ ಬೆರಳು ತಿಂದವನು ದಸ್ತಗೀರಸಾಬ್ ಎಂದೇ ಆಗುತ್ತದೆ. ಊರಲ್ಲಿ ಅವನ ಚೌಕಟ್ಟು ಯಾರೂ ನಿಲ್ಲಿಸಿಕೊಳ್ಳುವುದಿಲ್ಲ. ಬರದಿದ್ದರೆ ಮಗಳ ಸಂಸಾರ ಅಲ್ಲಿಗೆ ಮುಗಿಯಿತು.

"ನಡೀರಿ ಹೋಗೂಣು" ಎಂದ ದಸ್ತಗೀರಸಾಬ್.

ಟೆಂಪೊ ಮಾಡಿಕೊಂಡು ಹೋದೆವು. ಕೈಗೆ ಬಟ್ಟೆ ಸುತ್ತಿಕೊಂಡ ವೆಂಕಣ್ಣನೂ ಬಟ್ಟೆಗಂಟು ಹಿಡಿದ ಶಮಾಳೂ ಬಂದರು. ದಾರಿಯ ಇಕ್ಕೆಲಕ್ಕೂ ಭತ್ತದ ಗದ್ದೆ. ಸಿರುಗುಪ್ಪದ ಮನೆಯ ಅಂಗಳದಲ್ಲಿ ಆಸಿಂ ಎಲ್ಲ ಹೊಂದಿಸಿ ಇಟ್ಟಿದ್ದ. ಒಂದು ಸಾಗವಾನಿ ತುಂಡು, ಅದಕ್ಕೆ ತುದಿ ಚುಚ್ಚಿ ನಿಲ್ಲಿಸಿದ ಕರಿ ಸ್ಕ್ರೂ, ಪಕ್ಕದಲ್ಲಿ ಸುತ್ತಿಗೆ. ಓಣಿಯ ಜನ ಗೋಡೆಯ ಮೇಲೆ ಹತ್ತಿ ಕೂತಿದ್ದರು. ಮುಬಶೀರನ ತುಟಿ ಇನ್ನೂ ಬಾತುಕೊಂಡಿತ್ತು.

"ಬಡೀರಿ ಮಾಮು" ಎಂದ. "ನನಗ ಬಡದಂಗ ಬಡೀರಿ. ತೋಳಾಗ ಶಕ್ತಿ ಐತೆಲ್ಲ?"

ಗೋಡೆಯ ಮೇಲಿದ್ದವರು ನಕ್ಕರು. ನನ್ನ ಮೈ ಉರಿದುಹೋಯಿತು. ದಸ್ತಗೀರಸಾಬ್ ಮಂಡಿಯೂರಿ ಸುತ್ತಿಗೆ ಎತ್ತಿಕೊಂಡ. ಕುತ್ತಿಗೆಯ ನರ ಉಬ್ಬಿದ್ದವು. ಕೈ ಮೇಲೆ ಹೋಯಿತು.

ಶಮಾ ಬಂದು ಸ್ಕ್ರೂ ತಲೆಯ ಮೇಲೆ ಅಂಗೈ ಊರಿದಳು.

ಸುತ್ತಿಗೆ ಅವಳ ಕೈಯಿಂದ ಗೇಣು ದೂರದಲ್ಲಿ ನಿಂತಿತು. ಯಾರದೋ ಬಾಯಿಂದ "ಯಾ ಅಲ್ಲಾ" ಎಂದು ಹೊರಟಿತು.

"ಕೈ ತಗಿಯೇ!" ಎಂದು ಅಪ್ಪನೂ ಗಂಡನೂ ಒಟ್ಟಿಗೆ ಕೂಗಿದರು.

"ತಗಿಯಂಗಿಲ್ಲ. ಬಡಿ ಅಬ್ಬಾ. ವೆಂಕಣ್ಣಂದು ಎರಡು ಹೋಗ್ಯಾವ, ನಂದೂ ಹೋಗ್ಲಿ. ಸುಳ್ಳು ಹೇಳಿ ನನ್ನ ಈ ಮನ್ಯಾಗ ಬಿಟ್ಟು ಹೋದ್ರ ನಾನು ಇಲ್ಲಿ ಹೆಂಗ ಉಣ್ಣಲಿ?" ಆಮೇಲೆ ಗಂಡನ ಕಡೆ ತಿರುಗಿದಳು. "ಈ ಮನಿ ನನಗ ಬೇಕು. ನೀನೂ ಬೇಕು. ಆದ್ರ ಖರೇ ಹೇಳು. ಅಲ್ಲಿತನಕ ಈ ಕೈ ಏಳಂಗಿಲ್ಲ."

ಮುಬಶೀರ್ ಅವಳ ರಟ್ಟೆ ಹಿಡಿದು ಎಳೆದ. ಅವಳು ಕೈ ಇನ್ನಷ್ಟು ಒತ್ತಿದಳು. ಬೆರಳು ಬಿಳಿಚಿಕೊಂಡವು. ಅವನು ಎಳೆಯುತ್ತ ಎಳೆಯುತ್ತ ಕುಸಿದು ಕೂತ.

"ನಾನs ಬಡದೆ" ಎಂದ. ವೆಂಕಣ್ಣನ ಕೈ ನೋಡುತ್ತಿದ್ದ. "ತೂತು ಕೊರೀಲಿಲ್ಲ. ಕರೇವು ಬ್ಯಾಡ ಅಂದಿದ್ರು, ನಾನs ತಂದೆ. ಚೌಕಟ್ಟು ಒಣಗಿತ್ತು."

ವೆಂಕಣ್ಣ ಎದ್ದು ಬಂದ. ಎಡಗೈಯಿಂದ ಅವನ ಕಪಾಳಕ್ಕೆ ಬಾರಿಸಿದ. ತುಟಿ ಮತ್ತೆ ಒಡೆಯಿತು. ಆಸಿಂ ಮುಂದೆ ನುಗ್ಗಿದ್ದನ್ನು ನೋಡಿ ನಾನು ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದೆ. ಅವನು ನನ್ನ ಹೊಟ್ಟೆಗೆ ಗುದ್ದಿದ. ಗೋಡೆಯ ಮೇಲಿದ್ದವರು ಧುಮುಕತೊಡಗಿದರು. ಇನ್ನೇನು ತಲೆಗಳು ಒಡೆಯಬೇಕು, ಅಷ್ಟರಲ್ಲಿ ಮುಬಶೀರನೇ ಕೂಗಿದ: "ಬಿಡ್ರಿ! ಅದು ನನಗ ಬರಬೇಕಾದ್ದು, ಬಂತು."

ಶಮಾ ಕೈ ಎತ್ತಿದಳು. ಅಂಗೈಯಲ್ಲಿ ಸ್ಕ್ರೂ ತಲೆಯ ಗುಂಡು ಗುರುತು ಕೆಂಪಗೆ ಮೂಡಿತ್ತು.

ದಸ್ತಗೀರಸಾಬ್ ಸುತ್ತಿಗೆ ನೆಲಕ್ಕಿಟ್ಟು ಅಳಿಯನ ಎದುರಿಗೆ ಹೋಗಿ ಕೂತ. ಇನ್ನೊಂದು ಪೆಟ್ಟು ಬೀಳುತ್ತದೆ ಎಂದೇ ನಾನು ತಿಳಿದೆ. ಅವನು ಮುಬಶೀರನ ಎರಡೂ ಕೈ ಹಿಡಿದುಕೊಂಡ.

"ಬೈದಿದ್ರ ಸಾಕಿತ್ತು. ಹಲ್ಲು ಬೀಳೂಹಂಗ ಹೊಡದೆ. ಮಾಫ್ ಮಾಡಪ್ಪ."

ಮುಬಶೀರ್ ಕೈ ಬಿಡಿಸಿಕೊಳ್ಳಲಿಲ್ಲ. ಶಮಾ ಟೆಂಪೊದಿಂದ ತನ್ನ ಬಟ್ಟೆಗಂಟು ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಚಹಾ ತಂದಳು. ಮೊದಲ ಲೋಟ ವೆಂಕಣ್ಣನಿಗೆ ಕೊಟ್ಟಳು.

ಮುಬಶೀರ್ ಮತ್ತೆ ನಮ್ಮ ಗುಂಪಿಗೆ ಬರಲಿಲ್ಲ. ಸಿರುಗುಪ್ಪದಲ್ಲೇ ಬಾಗಿಲು ಕಿಟಕಿ ಮಾಡುತ್ತಾನೆ. ಮಾವನೊಂದಿಗೆ ಮಾತು ಇಷ್ಟೇ ಇಷ್ಟು. ಶಮಾ ಆ ಮನೆಯಲ್ಲೇ ಇದ್ದಾಳೆ, ಆ ಮನೆಯಲ್ಲಿ ಈಗ ಅವಳ ಮಾತು ನಡೆಯುತ್ತದೆ.

ಅವತ್ತು ವಾಪಸು ಬರಲು ಟೆಂಪೊ ಹತ್ತಿದಾಗ ದಸ್ತಗೀರಸಾಬನಿಗೆ ಬಾಗಿಲು ಎಳೆದುಕೊಳ್ಳಲು ಆಗಲಿಲ್ಲ. ಸುತ್ತಿಗೆ ಎತ್ತಿದ್ದ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಬಾಗಿಲು ನಾನು ಹಾಕಿದೆ.