ಬೆರಳಗಲದ ಹಸಿರು

ನಾನು ಚಿಕ್ಕವನಿದ್ದಾಗ ನಮ್ಮ ಹೊಲದಲ್ಲಿ ಗಿಡಗಳಿಗೂ ಹೊದಿಕೆ ಇರುತ್ತಿತ್ತು. ನಗಬೇಡಿ ಮಕ್ಕಳೇ, ನಿಜವನ್ನೇ ಹೇಳುತ್ತಿದ್ದೇನೆ. ನಮ್ಮ ಬೆಟ್ಟದೂರು ನಂಜನಾಡಿನ ಚಳಿ ಅಂಥದ್ದು. ಜನವರಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆ ಇಬ್ಬನಿ ಉಪ್ಪು ಚೆಲ್ಲಿದ ಹಾಗೆ ಹೆಪ್ಪುಗಟ್ಟಿರುತ್ತಿತ್ತು. ಬರಿಗಾಲಿಟ್ಟರೆ ಕರಕರ ಸದ್ದು. ಆಮೇಲೆ ಕಾಲು ನಮ್ಮದೋ ಅಲ್ಲವೋ ಅನ್ನುವಷ್ಟು ಮರಗಟ್ಟುತ್ತಿತ್ತು.

ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದವರು. ಊರಿನವರೆಲ್ಲ ಮೆಟ್ಟಿಲು ಮೆಟ್ಟಿಲಾದ ಹೊಲಗಳಲ್ಲಿ ಆಲೂಗಡ್ಡೆ, ಕ್ಯಾರೆಟ್ಟು, ಕೋಸು ಬೆಳೆಯುತ್ತಿದ್ದರು. ನಾವೂ ಅವನ್ನೇ ಬೆಳೆಯುತ್ತಿದ್ದೆವು. ಒಂದು ವರ್ಷ ಅಪ್ಪನಿಗೆ ಸೇಬಿನ ಹುಚ್ಚು ಹಿಡಿಯಿತು. ಎಲ್ಲಿಂದಲೋ ಕಸಿ ಗಿಡಗಳನ್ನು ತಂದು ಮೇಲಿನ ಹೊಲದಲ್ಲಿ ನೆಟ್ಟರು. ಅವುಗಳಲ್ಲಿ ಮೂಲೆಯ ಗಿಡ ಅಕ್ಕನದು. ಯಾರೂ ಕೊಟ್ಟದ್ದಲ್ಲ, ಅವಳೇ ತನ್ನದೆಂದು ಹಟ ಹಿಡಿದದ್ದು. ಕೆಳಗಿನ ತೊರೆಯಿಂದ ನೀರು ಹೊತ್ತು ತಂದರೆ ಮೊದಲ ಕೊಡ ಅದಕ್ಕೇ. ನಾನು ಸುಮ್ಮನೆ ಆ ಗಿಡವನ್ನು ಮುಟ್ಟಿದರೂ ಕಣ್ಣು ಕೆಕ್ಕರಿಸುತ್ತಿದ್ದಳು. ಎಳೆ ಗಿಡಗಳಿಗೆ ಚಳಿ ತಾಗಬಾರದೆಂದು ಅಪ್ಪ ಅವುಗಳ ಕಾಂಡಕ್ಕೆ ಗೋಣಿತಾಟು ಸುತ್ತಿ ಹಗ್ಗ ಬಿಗಿದಿದ್ದರು.

ಚಳಿ ಕಳೆಯಿತು. ಉಳಿದ ಗಿಡಗಳು ಚಿಗುರಿ, ಅಲ್ಲೊಂದು ಇಲ್ಲೊಂದು ಹೂ ಬಿಟ್ಟವು. ಸೇಬಿನ ಹೂವನ್ನು ನಾನು ನೋಡಿದ್ದು ಅದೇ ಮೊದಲು. ಬಿಳಿ ಎಸಳು, ಎಸಳಿನ ಬೆನ್ನಿಗೆ ತುಸು ಗುಲಾಬಿ ಬಣ್ಣ, ಸುತ್ತ ಜೇನುಹುಳುಗಳ ಗುಂಯ್‌ ಸದ್ದು. ಅಕ್ಕನ ಗಿಡದಲ್ಲಿ ಮಾತ್ರ ಒಂದು ಮೊಗ್ಗೂ ಇರಲಿಲ್ಲ. ಬಂದಿದ್ದ ಪುಟಾಣಿ ಎಲೆಗಳೂ ಒಂದು ಬೆಳಿಗ್ಗೆ ಜೋತುಬಿದ್ದಿದ್ದವು.

ಅಕ್ಕ ಓಡಿ ಬಂದು ಅಪ್ಪನ ಕೈ ಹಿಡಿದು ಜಗ್ಗಿದಳು. "ಅಪ್ಪ, ಆಲೂಗಡ್ಡೆಗೆ ಹೊಡೆಯೋ ಪಂಪು ತರ್ಲಾ? ಈಗ್ಲೇ ಮದ್ದು ಹೊಡ್ದುಬುಡಣ." ಅವಳು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಎರಡು ದಿನ ಮಂಜು ಕವಿದರೆ ಸಾಕು, ಆಲೂಗಡ್ಡೆಗೆ ರೋಗ ಬಂದೀತೆಂದು ಎಲ್ಲರೂ ಬೆನ್ನಿಗೆ ಪಂಪು ಏರಿಸಿಕೊಂಡು ಹೊರಟುಬಿಡುತ್ತಿದ್ದರು.

"ಪಕ್ಕದ ಹೂವಲ್ಲಿ ಜೇನು ಕುಂತವೆ ಕಣವ್ವ. ಮದ್ದು ಹೊಡುದ್ರೆ ಅವು ಸಾಯ್ತವೆ. ಮೊದ್ಲು ಇದ್ರ ನೋವು ಎಲ್ಲದೆ ಅಂತ ನೋಡಣ ಇರು" ಅಂದರು ಅಪ್ಪ. ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹಗ್ಗ ಬಿಚ್ಚಿದರು. ಕೊಳೆತ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಚಳಿ ಹೋದ ಮೇಲೂ ಬಿಚ್ಚದೆ ಬಿಟ್ಟಿದ್ದ ಗೋಣಿ, ಮಂಜನ್ನೆಲ್ಲ ಹೀರಿಕೊಂಡು ಒದ್ದೆಯಾಗಿಯೇ ಉಳಿದಿತ್ತು. ಅದರ ಕೆಳಗೆ ತೊಗಟೆ ಕಪ್ಪಾಗಿ, ಒತ್ತಿದರೆ ಬೆರಳು ಇಳಿಯುವಷ್ಟು ಮೆತ್ತಗಾಗಿತ್ತು.

"ಬೆಚ್ಚಗಿರ್ಲಿ ಅಂತ ಸುತ್ತಿದ್ದೆ. ನಾನೇ ಕೊಳ್ಸಿಬುಟ್ನಲ್ಲ" ಅಂದರು. ಅಪ್ಪನ ಬಾಯಲ್ಲಿ ಅಂಥ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಕ್ಕ ಪಿಸುದನಿಯಲ್ಲಿ ಕೇಳಿದಳು, "ಸತ್ತೋಯ್ತಾ?"

"ಗಿಡ ಉಣ್ಣೋದು ಈ ತೊಗಟೇಲೇ ಕಣವ್ವ. ಸುತ್ತಾ ಕೊಳ್ತಿದ್ರೆ ಕಿತ್ತು ಸುಡ್ಬೇಕು, ಇಲ್ದಿದ್ರೆ ಪಕ್ಕದ ಗಿಡಕ್ಕೂ ಹತ್ಕತದೆ. ಒಂದು ಕಡೆ ಒಸಿ ಹಸ್ರು ಉಳುದಿದ್ರೂ ಬದುಕ್ಕತದೆ."

ಅಪ್ಪ ಚಾಕುವನ್ನು ಕೆಂಡದಲ್ಲಿ ಕಾಯಿಸಿ, ಆರಿಸಿ, ಕೊಳೆತ ತೊಗಟೆಯನ್ನು ಮೆಲ್ಲಗೆ ಕೆತ್ತತೊಡಗಿದರು. ಮುಂದುಗಡೆ ಕಂದು. ಎಡಗಡೆಗೂ ಕಂದು. ಕೆತ್ತಿದ ಒಂದೊಂದು ಚೂರನ್ನೂ ಹಳೆಯ ಮೊರಕ್ಕೆ ಹಾಕಿಕೊಳ್ಳುತ್ತಿದ್ದರು, ನೆಲಕ್ಕೆ ಬೀಳಗೊಡುತ್ತಿರಲಿಲ್ಲ. ಬಲಗಡೆಯೂ ಕಂದೇ ಆದಾಗ ಅಕ್ಕ ಮುಖ ಆಚೆ ತಿರುಗಿಸಿಕೊಂಡಳು. ಅಪ್ಪ ಗಿಡದ ಹಿಂದಕ್ಕೆ ಸರಿದರು. ಅಲ್ಲಿ ಗೋಣಿಯ ಎರಡು ಅಂಚುಗಳು ಸರಿಯಾಗಿ ಕೂಡದೆ, ನಡುವೆ ಗಾಳಿಯಾಡಲು ಸಂದು ಉಳಿದಿತ್ತು. ಚಾಕುವಿನ ತುದಿಯಿಂದ ಒಂದಿಷ್ಟೇ ಗೀರಿದರು.

ಹಸಿರು!

ಎಂಥ ಹಸಿರು ಅಂತೀರಿ! ಆಗತಾನೇ ಸುಲಿದ ಹಸಿ ಅವರೆಕಾಳಿನ ಹಸಿರು. ಒದ್ದೆಯಾಗಿ, ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪನ ಬೆರಳಿನಷ್ಟೇ ಅಗಲ. ಬೇರಿನಿಂದ ಕೊಂಬೆಗಳವರೆಗೆ, ಸತ್ತ ತೊಗಟೆಗಳ ನಡುವೆ ಅದೊಂದೇ ದಾರಿ. ಇಷ್ಟು ದಿನ ಇಡೀ ಗಿಡ ಅದೊಂದರಲ್ಲೇ ಉಂಡು ಉಸಿರು ಹಿಡಿದುಕೊಂಡಿತ್ತಲ್ಲ! ನನಗೆ ಮೈ ಜುಮ್ಮೆಂದಿತು. ದೇವರ ಗುಡಿಯಲ್ಲಿ ನಿಂತಾಗಲೂ ನನಗೆ ಹಾಗಾದದ್ದಿಲ್ಲ. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು.

ಆಮೇಲೆ ಮದ್ದಿನ ಕೆಲಸ. ಒಂದು ಮಣ್ಣಿನ ಮಡಕೆಯಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ ಕಲಸಿ, ಎರಡನ್ನೂ ಮೂರನೆಯದಕ್ಕೆ ಸುರಿದರು. ಮೈಲುತುತ್ತ ವಿಷ ಅಂತ ನನ್ನನ್ನು ದೂರ ನಿಲ್ಲಿಸಿದರು. ಅದರಲ್ಲಿ ಒಂದು ಕಬ್ಬಿಣದ ಮೊಳೆ ಅದ್ದಿ ಎತ್ತಿದರೆ, ಅಬ್ಬಾ, ಮೊಳೆ ತಾಮ್ರದಂತೆ ಕೆಂಪಗಾಗಿತ್ತು! ಹಾಗಾದರೆ ಮದ್ದು ಖಾರ, ಗಿಡ ಸುಡುತ್ತದೆ ಅಂದರು ಅಪ್ಪ. ಮತ್ತಷ್ಟು ಸುಣ್ಣ ಬೆರೆಸಿ, ಮೊಳೆ ಕೆಂಪಾಗದೆ ಹೊರಬರುವವರೆಗೂ ನೋಡಿದರು. ಆಕಾಶದ ಬಣ್ಣದ ಆ ಗಟ್ಟಿ ಮದ್ದನ್ನು ತೆಂಗಿನ ನಾರಿನ ಕುಂಚದಿಂದ ಗಾಯಕ್ಕೆ ಮಾತ್ರ ಬಳಿದರು. ಎಲೆಗೆ ಒಂದು ಹನಿಯೂ ತಾಕಲಿಲ್ಲ. ಕೆತ್ತಿದ ಚೂರುಗಳು ಒಲೆಗೆ ಹೋದವು. ಉಳಿದ ಗಿಡಗಳ ಗೋಣಿಯನ್ನೂ ಬಿಚ್ಚಿ, ಬುಡದ ಹುಲ್ಲು ಕೊಯ್ದು, ಉದುರಿದ ಎಲೆಗಳನ್ನು ನಾವು ಮೂವರೂ ಸಂಜೆಯವರೆಗೆ ಆರಿಸಿದೆವು. ಸೊಂಟ ಬಿದ್ದೇಹೋಯಿತು. ಪಂಪು ಮಾತ್ರ ಕೊಟ್ಟಿಗೆಯಲ್ಲೇ ಇತ್ತು.

ಮಳೆಗಾಲದ ಹೊತ್ತಿಗೆ ಅಕ್ಕನ ಗಿಡದ ಎಲೆಗಳು ತಲೆ ಎತ್ತಿದವು. ಗಾಯದ ಎರಡೂ ಅಂಚಿನಿಂದ ಹೊಸ ತೊಗಟೆ ತುಟಿಯಂತೆ ಉಬ್ಬಿ, ದಿನದಿನಕ್ಕೂ ಒಳಗೆ ಸರಿಯುತ್ತ ಬಂತು. ಯಾರೂ ಹೊಲಿಯದೆ ಗಾಯ ತಾನೇ ಕೂಡುವುದನ್ನು ನಾನು ಕಣ್ಣಾರೆ ಕಂಡೆ.

ನಿಮ್ಮ ಕಾಲದ ವಿಷಯವೇ ಬೇರೆ. ಅಂಗಡಿಯ ಸೇಬಿನಲ್ಲಿ ಒಂದು ಚುಕ್ಕೆ ಕಂಡರೂ ನೀವು ಆಚೆ ಇಡುತ್ತೀರಿ. ಫೋನಿನಲ್ಲಿ ಎಲೆಯ ಫೋಟೊ ತೆಗೆದರೆ ರೋಗದ ಹೆಸರು, ಹೊಡೆಯಬೇಕಾದ ಔಷಧಿ ಎಲ್ಲ ಬರುತ್ತದೆ. ರಜೆಗೆ ಬಂದಿದ್ದ ಮೊಮ್ಮಗಳು ಅದನ್ನು ತೋರಿಸಿದಾಗ ನಾನು ಬಾಯಿ ತೆರೆದುಕೊಂಡು ನೋಡಿದೆ. ನನ್ನ ಸರದಿ ಬಂದಾಗ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಒಣಗಿದ ಹಾಗೆ ಕಾಣುವ ಒಂದು ರೆಂಬೆಯನ್ನು ಉಗುರಿನಿಂದ ಗೀರಿದೆ. ಅವಳು ಬಗ್ಗಿ ನೋಡಿದಳು. ಫೋಟೊ ತೆಗೆಯುವುದನ್ನೂ ಮರೆತು ಬೆರಳು ಇಟ್ಟು ನೋಡಿದಳು.

"ತಾತ, ಇದು ಬದುಕಿದೆ!" ಅಂದಳು, ಗಿಡಕ್ಕೆ ಎಚ್ಚರವಾದೀತು ಅನ್ನುವಷ್ಟು ಮೆಲ್ಲಗೆ.