ಮೇಡಂ ಕಾಯುವ ಹೊತ್ತು

ಎಂಟನೇ ತರಗತಿಯಲ್ಲಿ ನಾನು ಫ್ರೆಂಚ್ ತೆಗೆದುಕೊಂಡದ್ದು ಫ್ರಾನ್ಸಿನ ಮೇಲಿನ ಪ್ರೀತಿಯಿಂದಲ್ಲ, ಅಪ್ಪನಿಂದ ತಪ್ಪಿಸಿಕೊಳ್ಳಲು. ಅಪ್ಪ ಮಡಿಕೇರಿಯ ಒಂದು ದೇವಸ್ಥಾನದಲ್ಲಿ ಅರ್ಚಕರು. ಸಂಸ್ಕೃತ ತೆಗೆದುಕೊಂಡಿದ್ದರೆ ಊಟದ ಎಲೆಯ ಮುಂದೆಯೂ ಪಾಠ ಒಪ್ಪಿಸಬೇಕಾಗುತ್ತಿತ್ತು. ಫ್ರೆಂಚಿನಲ್ಲಿ ನಾನು ಬರೆದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಆ ಸ್ವಾತಂತ್ರ್ಯ ನನಗೆ ಬಹಳ ರುಚಿಸಿತು.

ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಮಲಯಾಳ, ಬೆಂಚಿನ ಗೆಳತಿಯ ಜೊತೆ ಹರಕುಮುರುಕು ಕೊಡವ ತಕ್ಕ್. ಇವ್ಯಾವುದನ್ನೂ ನನಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಬಾಯಿ ತಾನಾಗಿ ಆಡುತ್ತಿತ್ತು. ಅಂಥ ಬಾಯಿ ಫ್ರೆಂಚ್ ತರಗತಿಯಲ್ಲಿ ಹೊಲಿದ ಹಾಗೆ ಮುಚ್ಚಿಕೊಂಡಿತು. ಬರೆಯಲು ಕೊಟ್ಟರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಎದ್ದು ನಿಂತು ಹೇಳು ಎಂದರೆ ಗಂಟಲಿಗೆ ಬೀಗ. ನನ್ನ ಬಾಯಿಂದ ತಪ್ಪು ಹೊರಬರುವುದನ್ನು ನಾನು ಸಹಿಸಲಾರೆ. ಅದು ಅಪ್ಪನಿಂದಲೇ ಬಂದ ಗುಣ, ತಪ್ಪಿಸಿಕೊಂಡದ್ದು ಅಷ್ಟರಮಟ್ಟಿಗೆ ದಂಡ.

ಫ್ರೆಂಚ್ ಮೇಡಂ ದಕ್ಷಿಣ ಕೊಡಗಿನ ಬಾಳೆಲೆ ಊರಿನ ಕಡೆಯವರು, ಪುದುಚೇರಿಯಲ್ಲಿ ಓದಿ ಬಂದವರು. ಬೈಯುತ್ತಿರಲಿಲ್ಲ. ಪ್ರಶ್ನೆ ಕೇಳಿ ಕಾಯುತ್ತಿದ್ದರು, ಅಷ್ಟೇ. ಯಾರಿಗೆ ಎಷ್ಟು ಹೊತ್ತು ಬೇಕೆಂದು ಅವರಿಗೆ ಗೊತ್ತಿತ್ತು. ನನ್ನ ಸರದಿ ಬಂದರೆ ಕುರ್ಚಿಗೆ ಒರಗಿ, ಕೈಕಟ್ಟಿ, ಕಿಟಕಿಯ ಕಡೆ ನೋಡುತ್ತಾ ಕೂರುತ್ತಿದ್ದರು. ಫ್ರೆಂಚ್ ತೆಗೆದುಕೊಂಡಿದ್ದ ಉಳಿದ ಐವರು ಕೆಮ್ಮುತ್ತಿದ್ದರು, ಕಾಲು ಅಲ್ಲಾಡಿಸುತ್ತಿದ್ದರು. ಆ ನಿಶ್ಶಬ್ದದಲ್ಲಿ ಮೇಡಂ ಉಸಿರು ಕೇಳಿಸುತ್ತಿತ್ತು, ಮೂಗಿನಲ್ಲಿ ಸಣ್ಣಗೆ ಸಿಳ್ಳೆ ಹಾಕುವ ಉಸಿರು. ಕೊನೆಗೆ ಬೆಲ್ ಹೊಡೆಯುತ್ತಿತ್ತು.

"ಹೆದ್ರುದೆಂತಕ್ಕೆ ಮಾರಾಯ್ತಿ? ನಾನೆಲ್ಲಿಗೂ ಹೋಗುದಿಲ್ಲ. ಕಾಯ್ತೇನೆ," ಎಂದಿದ್ದರು ಒಮ್ಮೆ, ವರಾಂಡದಲ್ಲಿ ಎದುರಾದಾಗ.

ಎರಡು ವರ್ಷ ಕಾದರು. ಒಂದು ವಾಕ್ಯವನ್ನೂ ನಾನು ಅವರಿಗೆ ಕೇಳಿಸಲಿಲ್ಲ.

ಹತ್ತನೇ ತರಗತಿಯಲ್ಲಿ, ಜುಲೈ ಕೊನೆಗೆ ಕಕ್ಕಡ ತಿಂಗಳ ಮಳೆ ಹಿಡಿದಾಗ, ಮೇಡಂ ರಜೆ ಹಾಕಿದರು. ಮೈಸೂರಿನ ಆಸ್ಪತ್ರೆ ಎಂದಷ್ಟೇ ನಮಗೆ ಗೊತ್ತಾಯಿತು. ಹೋಗುವ ಮೊದಲು ಮೌಖಿಕ ಪರೀಕ್ಷೆಯ ಪ್ರಶ್ನೆಗಳನ್ನು ಮನೆಯಲ್ಲೇ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ ಶಾಲೆಗೆ ಕಳಿಸಿದ್ದರು. ಆರು ಮಂದಿಗೆ ಆರು ಫೈಲು, ಪ್ರತಿ ಪ್ರಶ್ನೆಯ ನಂತರ ಉತ್ತರಕ್ಕೆ ಜಾಗ ಬಿಟ್ಟು. ಪರೀಕ್ಷೆಗೆ ಐದು ದಿನ ಇರುವಾಗ ಅವರು ತೀರಿಕೊಂಡ ಸುದ್ದಿ ಬಂತು. ಅಸೆಂಬ್ಲಿಯಲ್ಲಿ ಒಂದು ನಿಮಿಷ ಮೌನ ಆಚರಿಸಿದೆವು. ಆ ಮೌನ ನನಗೆ ತೀರಾ ಚಿಕ್ಕದೆನಿಸಿತು.

ಬೇರೆ ಫ್ರೆಂಚ್ ಟೀಚರ್ ಸಿಗಲಿಲ್ಲ. ಅವೇ ಫೈಲುಗಳನ್ನು ಹಾಕಿ ಪರೀಕ್ಷೆ ನಡೆಸುವುದೆಂದು ತೀರ್ಮಾನವಾಯಿತು. ಹಿಂದಿ ಟೀಚರ್ ಕೂತು ನಮ್ಮ ಉತ್ತರಗಳನ್ನು ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು, ಬೇರೆ ಶಾಲೆಯವರು ಅದನ್ನು ಕೇಳಿ ಅಂಕ ಕೊಡಬೇಕು.

ನಾನು ಕೊನೆಯವಳು. ಬೆಳಿಗ್ಗೆ ಹನ್ನೊಂದಾದರೂ ಮಂಜು ಕಿಟಕಿಯೊಳಗೆ ಬಂದು ಹಿಂದಿನ ಬೆಂಚುಗಳನ್ನು ನುಂಗಿತ್ತು. ಕರೆಂಟ್ ಇರಲಿಲ್ಲ. ಹಿಂದಿ ಟೀಚರ್ ಪ್ರಶ್ನೆಗಳಿದ್ದ ಫೋನನ್ನು ಮೇಡಂ ಮೇಜಿನ ಮೇಲಿಟ್ಟಿದ್ದರು. ತಾವು ಮಾತ್ರ ಅವರ ಕುರ್ಚಿಯಲ್ಲಿ ಕೂರದೆ ಸ್ಟೂಲ್ ಎಳೆದುಕೊಂಡಿದ್ದರು.

"ಬೋಂಜೂರ್," ಎಂದಿತು ಮೇಡಂ ದನಿ. ಆಮೇಲೆ, ಹೇಗಿದ್ದೀಯ ಎಂದು ಕೇಳಿತು.

ಇದಕ್ಕೆ ಉತ್ತರ ಮೊದಲ ಪಾಠದಲ್ಲೇ ಇದೆ. ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ? ಹಾಗೆ ತಿರುಗಿ ಕೇಳದಿದ್ದರೆ ಅರ್ಧ ಅಂಕ ಹೋಗುತ್ತದೆ. ಸತ್ತು ಐದು ದಿನವಾದವರನ್ನು ಅದು ಹೇಗೆ ಕೇಳುವುದು?

ಫೋನಿನೊಳಗೆ ಮೇಡಂ ಕಾಯತೊಡಗಿದರು. ಸಿಳ್ಳೆಯಂಥ ಅದೇ ಉಸಿರು. ಎಲ್ಲೋ ಅವರ ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಉಳಿದವರಿಗೆ ಇಷ್ಟು ಉದ್ದದ ಜಾಗ ಬಿಟ್ಟಿರಲಿಲ್ಲ, ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡಿದ್ದೆ. ಫೋನ್ ಹ್ಯಾಂಗ್ ಆಗಿದೆಯೇನೋ ಎಂದು ಹಿಂದಿ ಟೀಚರ್ ಬಗ್ಗಿ ನೋಡಿದರು. ಆಗ ದನಿ ಬಂತು: "ತ್ರೇ ಬಿಯಾಂ." ಬಹಳ ಚೆನ್ನಾಗಿ ಹೇಳಿದೆ ಎಂದು.

ನಾನು ಏನನ್ನೂ ಹೇಳಿರಲಿಲ್ಲ.

ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬುದು ಎರಡನೆಯದು. ಮತ್ತೆ ಉಸಿರು, ನಲ್ಲಿ, ನಡುವೆ ಕೈ ಅಡ್ಡ ಹಿಡಿದು ನುಂಗಿದ ಒಂದು ಕೆಮ್ಮು. ಮತ್ತೆ ಅಷ್ಟೇ ಸಂತೋಷದಿಂದ, "ತ್ರೇ ಬಿಯಾಂ." ನಾನು ಹೀಗೇ ನಿಂತರೆ ಅವರು ಇಲ್ಲದ ಮಾತಿಗೆ ಶಹಭಾಸ್ ಹೇಳುತ್ತಲೇ ಇರುತ್ತಾರೆ ಎನಿಸಿತು. ಭಯಕ್ಕಿಂತ ನಾಚಿಕೆ ದೊಡ್ಡದಾಗಿತ್ತು.

ಮೂರನೆಯದು, ಕಿಟಕಿಯಿಂದ ಏನು ಕಾಣುತ್ತದೆ.

ಮಂಜು ಎಂದೆ, ಫ್ರೆಂಚಿನಲ್ಲಿ. ದನಿ ಯಾರದೋ ಎಂಬಂತಿತ್ತು. ಮಂಜು ಇದೆ, ರಸ್ತೆ ಕಾಣುವುದಿಲ್ಲ, ಬಸ್ಸು ಕಾಣುವುದಿಲ್ಲ, ಶಬ್ದ ಮಾತ್ರ ಕೇಳಿಸುತ್ತದೆ ಎಂದೆ. ತಪ್ಪುಗಳು ಒಂದರ ಹಿಂದೊಂದು ಹೊರಬಿದ್ದವು. ಬೀಳಲಿ ಎಂದು ಬಿಟ್ಟೆ. ಗೊತ್ತಿದ್ದ ಪದಗಳೆಲ್ಲ ಮುಗಿದವು. ಮೇಡಂ ಇನ್ನೂ ಕಾಯುತ್ತಿದ್ದರು. ಕುರ್ಚಿಯೊಂದು ಕಿರ್ರೆಂದಿತು. ಫೋನಿನೊಳಗಿನದೋ, ಎದುರಿಗಿದ್ದ ಖಾಲಿ ಕುರ್ಚಿಯೋ ತಿಳಿಯಲಿಲ್ಲ. ಹಿಂದಿ ಟೀಚರ್ ಕೂಡ ಆ ಕಡೆ ತಿರುಗಿದರು.

"ಸಾಕು ಮಾರಾಯ್ತಿ," ಎಂದಿತು ದನಿ, ಈಗ ಕನ್ನಡದಲ್ಲಿ. "ಬಂತಲ್ಲ."

ಅಲ್ಲಿಗೆ ಫೈಲು ಮುಗಿಯಿತು. ನಾನು ಸುಮ್ಮನೆ ನಿಂತಿದ್ದರೂ ಅದೇ ಮಾತು ಬರುತ್ತಿತ್ತು ಎಂದು ಗೊತ್ತಿತ್ತು. ಗೊತ್ತಿದ್ದರೂ ಅಳು ತಡೆಯಲಾಗಲಿಲ್ಲ. ನಾನು ಮಾತಾಡಿದ್ದನ್ನು ಮೇಡಂ ಕೇಳಲೇ ಇಲ್ಲ.

"ಇನ್ನೊಂದ್ಸಲ ಹಾಕಿ ಟೀಚರ್," ಎಂದೆ.

"ಪರೀಕ್ಷೆ ಆಯ್ತಲ್ಲ. ಇನ್ನು ಮಾರ್ಕ್ಸ್ ಬದಲಾಗುದಿಲ್ಲ," ಎಂದರು ಹಿಂದಿ ಟೀಚರ್.

"ಮಾರ್ಕ್ಸಿಗಲ್ಲ."

ಅವರು ನನ್ನನ್ನೊಮ್ಮೆ ನೋಡಿ, ಉತ್ತರಗಳಿದ್ದ ಫೋನನ್ನು ಬ್ಯಾಗಿಗೆ ಹಾಕಿ, ಮೇಜಿನ ಮೇಲಿನದನ್ನು ಒತ್ತಿದರು. ಬೋಂಜೂರ್. ಹೇಗಿದ್ದೀಯ.

ಚೆನ್ನಾಗಿದ್ದೇನೆ ಎಂದೆ, ತಡಮಾಡದೆ. ನೀವು ಹೇಗಿದ್ದೀರಿ ಮೇಡಂ ಎಂದು ಕೇಳಿದೆ.

ಉಸಿರು, ನಲ್ಲಿಯ ಹನಿ. ನಾನು ಆಗಲೇ ಹೇಳಿ ಮುಗಿಸಿದ್ದು ಅವರಿಗೆ ಗೊತ್ತಾಗಲಿಲ್ಲ. ಕಾಯುತ್ತಲೇ ಇದ್ದರು.